ಕೊನೆಯಲ್ಲಿ ಬಂದವರ ಹಾಲು

ನನ್ನ ಮನೆ ಇರುವುದು ಹೊಳೆನರಸೀಪುರದಲ್ಲಿ, ಕೆಲಸ ಹಾಸನದ ಒಂದು ಸಣ್ಣ ಆಫೀಸಿನಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ ಹೋಗುತ್ತೇನೆ, ಸಂಜೆ ಬಸ್ಸಿಗೆ ವಾಪಸ್ಸು ಬರುತ್ತೇನೆ. ಹನ್ನೊಂದು ವರ್ಷದಿಂದ ಹೀಗೇ ನಡೆದಿದೆ. ಏನು ಕೆಲಸ ಎಂದು ಯಾರಾದರೂ ಕೇಳಿದರೆ ಮೊದಮೊದಲು ‘ನೆಟ್‌ವರ್ಕ್ ಎಂಜಿನಿಯರ್’ ಎನ್ನುತ್ತಿದ್ದೆ. ಅವರು ತಕ್ಷಣ ಮೊಬೈಲು ತೆಗೆದು, ‘ನಮ್ಮನೇಲಿ ಸಿಗ್ನಲ್ಲೇ ಬರಲ್ಲ ನೋಡಿ’ ಎಂದು ಶುರು ಮಾಡುತ್ತಿದ್ದರು. ಈಗ ‘ಹಳ್ಳಿ ಡೈರಿಗಳಲ್ಲಿ ಕಂಪ್ಯೂಟರು ನೋಡ್ಕೋತೀನಿ’ ಎನ್ನುತ್ತೇನೆ. ನಿಜಕ್ಕೆ ಅದೇ ಹತ್ತಿರ.

ಹಾಲು ಹಾಕಿಸಿಕೊಳ್ಳುವ ಒಂದೊಂದು ಡೈರಿಯಲ್ಲೂ ಒಂದು ತೂಕದ ಯಂತ್ರ, ಹಾಲಿನ ಕೊಬ್ಬು ಗಟ್ಟಿತನಗಳನ್ನು, ಅಂದರೆ ಫ್ಯಾಟು ಡಿಗ್ರಿಯನ್ನು ನೋಡುವ ಮಿಷಿನ್ನು, ಒಂದು ಕಂಪ್ಯೂಟರು, ಗೋಡೆಯ ಮೇಲೆ ಒಂದು ಕ್ಯಾಮೆರಾ ಇರುತ್ತವೆ. ಇವೆಲ್ಲದರ ವೈರುಗಳು ಬಂದು ಸೇರುವುದು ಸ್ವಿಚ್ಚು ಎನ್ನುವ ಪೆಟ್ಟಿಗೆಗೆ. ಲೈಟು ಹಾಕುವ ಸ್ವಿಚ್ಚಲ್ಲ, ಸಾಲಾಗಿ ತೂತುಗಳಿರುವ ಒಂದು ಚಪ್ಪಟೆ ಪೆಟ್ಟಿಗೆ. ಒಂದೊಂದು ತೂತಿಗೂ ಪೋರ್ಟು ಅಂತ ಹೆಸರು, ಪಕ್ಕದಲ್ಲೊಂದು ಪುಟ್ಟ ಹಸಿರು ದೀಪ. ಆ ಪೆಟ್ಟಿಗೆ ಎಷ್ಟೇ ದೂರದ ಹಳ್ಳಿಯಲ್ಲಿರಲಿ, ನಾನು ಹಾಸನದಲ್ಲಿ ಕುರ್ಚಿಯ ಮೇಲೆ ಕೂತೇ ಅದರೊಳಕ್ಕೆ ಹೋಗಿ ಯಾವ ಪೋರ್ಟು ಹೇಗಿರಬೇಕು ಎಂದು ಹೇಳಬಹುದು. ಈ ಅನುಕೂಲ ನನಗೆ ಬಹಳ ಇಷ್ಟವಾಗಿತ್ತು. ಆ ಬೇಸಿಗೆಯ ತನಕ ಅದರಲ್ಲಿ ತಪ್ಪೇನಿದೆ ಎಂದು ನನಗೆ ಗೊತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಹಾಲು ಹಾಕುವ ಹೊತ್ತಿಗೇ ಹೋದರೆ ಡೈರಿಯವರು ಯುಪಿಎಸ್ ಮೇಲೆ ನಡೆಸಬೇಕು. ಬ್ಯಾಟರಿಗಳು ಹಳೆಯವು. ಸಾಲು ಅರ್ಧ ಮುಗಿಯುವಷ್ಟರಲ್ಲಿ ಕುಂಯ್ ಕುಂಯ್ ಎಂದು ಕೂಗಿ ಆರಿಹೋಗುತ್ತಿದ್ದವು. ಕ್ಯಾನು ಹಿಡಿದು ನಿಂತ ಜನ ಬೈಯುತ್ತಿದ್ದರು, ಡೈರಿಯವರು ನಮಗೆ ಫೋನು ಮಾಡುತ್ತಿದ್ದರು.

ನಮ್ಮ ಆಫೀಸಿನ ಯಜಮಾನರನ್ನು ನಾವೆಲ್ಲ ಸಾರ್ ಎನ್ನುತ್ತೇವೆ. ಜೋರು ದನಿ ಎತ್ತಿದ್ದನ್ನು ನಾನು ಕಂಡಿಲ್ಲ. ಒಂದು ದಿನ ನನ್ನ ಮೇಜಿನ ಹತ್ತಿರ ಬಂದು, ‘ಹೊಸ ಬ್ಯಾಟರಿ ಬರೋಕೆ ಇನ್ನೂ ತಡ ಆಗುತ್ತೆ. ಇರೋದ್ರಲ್ಲೇ ಎಲ್ಲಾದ್ರೂ ವಸಿ ಕರೆಂಟು ಉಳಿಸೋಕೆ ಆಗುತ್ತಾ ನೋಡಮ್ಮ’ ಎಂದರು.

ನೋಡಿದೆ. ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಮೊಬೈಲಿನಲ್ಲೇ ಆ ಸ್ವಿಚ್ಚಿನ ಕೈಪಿಡಿ ಓದಿದೆ. ಅದರಲ್ಲಿ ಪೋರ್ಟುಗಳಿಗೆ ಕರೆಂಟು ಉಳಿಸುವ ಏರ್ಪಾಟು ಇತ್ತು. ನಾವು ಯಾರೂ ಅದನ್ನು ಮುಟ್ಟಿರಲಿಲ್ಲ. ಒಂದು, ವೈರೇ ಇಲ್ಲದ ಖಾಲಿ ಪೋರ್ಟುಗಳನ್ನು ಪೂರ್ತಿ ಆರಿಸಿಡುವುದು. ಇನ್ನೊಂದು, ವೈರು ಇರುವ ಪೋರ್ಟು ಕೂಡ ಮಾತುಕತೆ ಇಲ್ಲದ ಹೊತ್ತಿನಲ್ಲಿ ಮಂಪರಿಗೆ ಜಾರಿ, ಮಾತು ಬಂದ ಕೂಡಲೇ ಎದ್ದು ಕೂರುವುದು. ಈ ಎರಡನೆಯದಕ್ಕೆ ವೈರಿನ ಎರಡೂ ತುದಿಯವರು ಒಪ್ಪಿರಬೇಕು. ಒಪ್ಪಿದ್ದೇವೆಂದು ಎರಡೂ ಕಡೆಯವು ತಾವೇ ಹೇಳಿಕೊಳ್ಳುತ್ತವೆ, ನಾವು ಅದನ್ನು ನಂಬುತ್ತೇವೆ.

ಆಫೀಸಿನ ಒಂದು ಸ್ವಿಚ್ಚಿನಲ್ಲಿ ಎರಡು ದಿನ ಹಾಕಿ ನೋಡಿದೆ. ಏನೂ ತೊಂದರೆಯಾಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ನಾಲ್ಕೂ ಕಡೆಯ ಡೈರಿಗಳ ಎಲ್ಲ ಪೋರ್ಟುಗಳಿಗೂ ಒಂದೇ ಏಟಿಗೆ ಹಾಕಿಬಿಟ್ಟೆ. ಕಾಫಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ನಮ್ಮ ಆಫೀಸಿನಲ್ಲಿ ಹಾಲು ನೋಡುವ ಮಿಷಿನ್ನು ಇಲ್ಲ ಎನ್ನುವುದು ಆಗ ನನಗೆ ಹೊಳೆಯಲಿಲ್ಲ.

ಆ ವಾರ ಯುಪಿಎಸ್‌ಗಳು ಸ್ವಲ್ಪ ಹೆಚ್ಚು ಹೊತ್ತು ತಡೆದವು. ಬಹಳವೇನಲ್ಲ, ಆದರೆ ಸಾಲಿನ ಬಾಲದಲ್ಲಿದ್ದ ಹತ್ತು ಹದಿನೈದು ಜನರ ಹಾಲಾದರೂ ಮುಗಿಯುವಷ್ಟು. ಸಾರ್ ಎಲ್ಲರಿಗೂ ದೋಸೆ ತರಿಸಿದರು. ‘ಈ ಯಮ್ಮ ಕೂತಲ್ಲೇ ಕೂತು ಜಿಲ್ಲೆಗೆಲ್ಲ ಕರೆಂಟು ಉಳಿಸಿದ್ರು’ ಎಂದರು. ಅಂದು ಬಸ್ಸಿನಲ್ಲಿ ಸೀಟು ಸಿಗದೆ ನಿಂತೇ ಬಂದರೂ ನನಗೆ ಕಾಲು ನೋಯಲಿಲ್ಲ.

ಬಾಗೂರಿನಿಂದ ಒಳಕ್ಕೆ ಹೋದರೆ ಸಿಗುವ ಒಂದು ಹಳ್ಳಿಯ ಡೈರಿಯಿಂದ ಫೋನು ಬಂದದ್ದು ಅದಾದ ಎಂಟು ಹತ್ತು ದಿನಕ್ಕೆ. ಮಾತಾಡಿದವರು ಅಲ್ಲಿನ ಕಾರ್ಯದರ್ಶಿ. ಸುಮಾರು ಐವತ್ತರ ವಯಸ್ಸು, ಗಡುಸು ಮಾತು. ಒಂದೊಂದು ಸಲ ಫ್ಯಾಟಿನ ರೀಡಿಂಗು ಕಂಪ್ಯೂಟರಿಗೆ ಬರುವುದಿಲ್ಲ ಎಂದರು. ಮಿಷಿನ್ ರಿಪೇರಿಯವರಿಗೆ ಹೇಳಿ ಎಂದೆ. ಅವರು ಬಂದು ತೊಳೆದು ಹೋದರಂತೆ. ಮತ್ತೆ ಫೋನು ಬಂತು, ಮಿಷಿನ್ನಿನವರು ಮತ್ತೆ ತೊಳೆದು ಹೋದರು. ಮೂರನೆಯ ಸಲ ಕಾರ್ಯದರ್ಶಿಯ ಮಾತಿನ ಧಾಟಿ ಬದಲಾಗಿತ್ತು.

‘ಮಿಷಿನ್ನಲ್ಲಿ ಏನೂ ಇಲ್ಲ ಬಿಡಿ ಮೇಡಂ. ಒಬ್ಬರದು ಮಾತ್ರ ಬರಾಕಿಲ್ಲ. ದಿನಾ ಅವರದೊಂದೇ. ಅವರ ಹಾಲಲ್ಲೇ ಏನೋ ಐತೆ ಅಂತ ಜನ ಮಾತಾಡ್ತಾವ್ರೆ.’

ನಾನು ನಕ್ಕೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಕ್ಕಿದ್ದು ಹೌದು. ‘ಹಾಲಲ್ಲಿ ಏನಾದ್ರೂ ಇದ್ರೆ ನೆಟ್‌ವರ್ಕಿನವರು ಏನು ಮಾಡೋಕಾಗುತ್ತೆ ಸಾರ್’ ಎಂದು ಫೋನು ಇಟ್ಟೆ. ಪಕ್ಕದ ಮೇಜಿನವರಿಗೂ ಹೇಳಿ ಇನ್ನೊಂದು ಸಲ ನಕ್ಕೆ.

ಮತ್ತೆ ಎಷ್ಟೋ ದಿನ ನಾನು ಆ ವಿಷಯ ಮರೆತೇಬಿಟ್ಟಿದ್ದೆ. ಸಾರ್ ಮರೆತಿರಲಿಲ್ಲ. ಬಾಗೂರಿನ ಕಡೆ ಒಂದು ಕ್ಯಾಮೆರಾ ಬದಲಾಯಿಸುವುದಿತ್ತು. ಅದನ್ನು ನನ್ನ ಕೈಗೆ ಕೊಡುತ್ತಾ, ‘ಹಂಗೇ ಆ ಡೈರಿಗೂ ಒಂದು ಸಲ ಹೋಗಿ ಬಾರಮ್ಮ. ಮೂರು ಸಲ ಫೋನು ಮಾಡವ್ರೆ, ಕಣ್ಣಲ್ಲಿ ನೋಡಿದಂಗಾಗುತ್ತೆ’ ಎಂದರು. ಹೋಗು ಎಂದು ಅವರು ಹೇಳದೇ ಇದ್ದಿದ್ದರೆ ನಾನಾಗಿ ಹೋಗುತ್ತಿರಲಿಲ್ಲ.

ಚನ್ನರಾಯಪಟ್ಟಣಕ್ಕೆ ಹೋಗಿ, ಅಲ್ಲಿಂದ ಬಾಗೂರಿನ ಬಸ್ಸು ಹತ್ತಿದೆ. ಕ್ಯಾಮೆರಾ ಕೆಲಸ ಮುಗಿಸಿ, ಆಟೋದಲ್ಲಿ ಆ ಹಳ್ಳಿ ತಲುಪುವಾಗ ನಾಲ್ಕು ಗಂಟೆ ದಾಟಿತ್ತು. ಡೈರಿ ಎಂದರೆ ಎರಡು ಕೋಣೆಯ ಕಟ್ಟಡ, ಮುಂದೆ ಒಂದು ಜಗಲಿ, ಜಗಲಿಯ ಪಕ್ಕ ಕ್ಯಾನು ತೊಳೆಯುವ ನಲ್ಲಿ. ಕಾರ್ಯದರ್ಶಿ ಕುರ್ಚಿ ಒರೆಸಿ ಕೊಟ್ಟರು. ನಾನು ವೈರುಗಳನ್ನೆಲ್ಲ ಕಿತ್ತು ನೋಡಿ ಮತ್ತೆ ಸಿಕ್ಕಿಸಿದೆ, ಎಲ್ಲ ಗಟ್ಟಿಯಾಗಿದ್ದವು. ಲ್ಯಾಪ್‌ಟಾಪು ತೆಗೆದು, ಹಾಲಿನ ಮಿಷಿನ್ನನ್ನು ಸೆಕೆಂಡಿಗೊಂದು ಸಲ ‘ಇದ್ದೀಯಾ’ ಎಂದು ಕೇಳುತ್ತಿರುವ ಹಾಗೆ ಮಾಡಿಟ್ಟೆ. ಇದು ನಾವು ಮಾಡುವ ಮೊದಲನೇ ಪರೀಕ್ಷೆ. ಅದು ಒಂದು ಸಲವೂ ತಪ್ಪದೆ ‘ಇದ್ದೀನಿ’ ಎನ್ನುತ್ತಿತ್ತು.

ಐದೂವರೆಗೆ ಜನ ಬಂದರು. ಸಾಲು ಚುರುಕಾಗಿ ಸಾಗಿತು. ಸ್ವಲ್ಪ ಹಾಲು ಮಿಷಿನ್ನಿನ ಕೊಳವೆಗೆ ಹಿಡಿಯುವುದು, ಅರೆ ನಿಮಿಷಕ್ಕೆ ಅಂಕಿ ಕಂಪ್ಯೂಟರಿಗೆ ಬರುವುದು, ಚೀಟಿ ಹರಿದು ಕೊಡುವುದು. ಆರೂವರೆ ಹೊತ್ತಿಗೆ ಎಲ್ಲ ಮುಗಿದು ಜಗಲಿ ಖಾಲಿಯಾಯಿತು. ಕಾರ್ಯದರ್ಶಿ ಬಾಗಿಲು ಹಾಕಲಿಲ್ಲ. ‘ಇನ್ನೊಬ್ಬರು ಬರಬೇಕು, ಅವರೇ’ ಎಂದು ಹುಬ್ಬು ಹಾರಿಸಿದರು.

ಕಾಲು ಗಂಟೆಯಾದ ಮೇಲೆ ಅವರು ಬಂದರು. ಅರವತ್ತೈದರ ಆಸುಪಾಸು, ತೆಳ್ಳನೆಯ ಮೈ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಕೈಯಲ್ಲಿ ಮುಚ್ಚಳದ ಸ್ಟೀಲು ಕ್ಯಾನು ಹಿಡಿದಿದ್ದರು. ಕಾರ್ಯದರ್ಶಿ ಅವರನ್ನು ದೊಡ್ಡವ್ವ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಅವರು ಕ್ಯಾನು ಮೇಜಿನ ಮೇಲಿಟ್ಟರು. ಹಾಲು ಮಿಷಿನ್ನಿಗೆ ಹೋಯಿತು. ಅರೆ ನಿಮಿಷಕ್ಕೆ ಅಂಕಿ ಬಂತು.

‘ನೋಡಿ, ಮೇಡಂ ಬಂದಿದ್ದೇ ತಡ ಸರಿಹೋಯ್ತು’ ಎಂದರು ಕಾರ್ಯದರ್ಶಿ.

ನಾನು ಲ್ಯಾಪ್‌ಟಾಪು ಮುಚ್ಚಿಕೊಂಡು ಹೊರಡಬಹುದಿತ್ತು. ಏಳರ ಬಸ್ಸು ಸಿಕ್ಕರೆ ಚನ್ನರಾಯಪಟ್ಟಣದಿಂದ ಮುಂದಿನದೂ ಸಿಗುತ್ತಿತ್ತು. ಆದರೆ ದೊಡ್ಡವ್ವ ಚೀಟಿ ಇಸಿದುಕೊಳ್ಳಲಿಲ್ಲ. ನನ್ನ ಲ್ಯಾಪ್‌ಟಾಪನ್ನೇ ನೋಡುತ್ತಾ ನಿಂತರು.

‘ಅದೇನದು ಓಡ್ತಾ ಅದಲ್ಲ, ನೀನು ಆಕಿರದಾ?’

‘ಹೂಂ ದೊಡ್ಡವ್ವ. ಮಿಷಿನ್ನು ಮಾತಾಡ್ತಾ ಇದೆಯಾ ಅಂತ ನೋಡ್ತಾ ಇದೀನಿ.’

‘ಅಂಗಾರೆ ಇವತ್ತು ಬಂದದ್ದು ಲೆಕ್ಕಕ್ಕಿಲ್ಲ ಕಣ್ ಮಗ. ನೀನು ಮಾತಾಡಿಸ್ತಾ ಕುಂತಿದ್ದೆ, ಅದು ಬಂತು. ನಾಳಿಕ್ಕೆ ನೀನಿರಾಕಿಲ್ಲ, ಅದೂ ಬರಾಕಿಲ್ಲ.’

ಕಾರ್ಯದರ್ಶಿ ‘ಸುಮ್ಕಿರು ದೊಡ್ಡವ್ವ’ ಎಂದರು. ನಾನು ‘ಹೇಳಲಿ ಬಿಡಿ’ ಎಂದೆ. ಆಗ ಅವರು ಹೇಳಿದ್ದನ್ನು ನಾನು ಇವತ್ತಿಗೂ ಅವರ ಮಾತಿನಲ್ಲೇ ನೆನೆಯುತ್ತೇನೆ.

‘ಅಲ್ಲ ಮಗ, ನಾನೂ ನೋಡಿವ್ನಿ. ಎಂಟು ದಿಸ ನೋಡಿವ್ನಿ. ಒಂದಿನ ಒತ್ತಾರೆ ಬೇಗ ಬಂದು ಸಾಲಲ್ಲಿ ನಿಂತ್ಕಂಡೆ, ಬಂತು. ಮಾರ್ನೆ ದಿಸ ಎಲ್ಲಾರೂ ಹೋದ್ಮೇಲೆ ಬಂದೆ, ಬರ್ಲಿಲ್ಲ. ಇನ್ನೊಂದಿನ ಯಾರೋ ಬೈಕಲ್ಲಿ ತಡ ಮಾಡ್ಕಂಡು ಬಂದು ನನ್ನ ಮುಂದೆ ಹುಯ್ದ್ರು, ಅವರದು ಬರ್ಲಿಲ್ಲ, ನಂದು ಬಂತು. ಹಸ ಅದೇ, ಹಾಲು ಅದೇ, ಕೈ ಇದೇ. ಮಿಷಿನ್ನು ಸುಮ್ಕೆ ಕುಂತ್ರೆ ಮಂಕು ಕವಿತದೆ. ಆಮ್ಯಾಕೆ ಮೊದಲು ಬಂದೋರ ಮಾತು ಅದ್ಕೆ ಕೇಳಾಕಿಲ್ಲ.’

ಬಸ್ಸಿನಲ್ಲಿ ನಾನು ಓದಿದ್ದ ಕೈಪಿಡಿಯನ್ನು ಅವರು ಓದಿದ ಹಾಗೆ ಮಾತಾಡಿದ್ದರು.

ಲ್ಯಾಪ್‌ಟಾಪಿನ ಪರೀಕ್ಷೆ ನಿಲ್ಲಿಸಿದೆ. ‘ದೊಡ್ಡವ್ವ, ಕ್ಯಾನಲ್ಲಿ ಒಂದು ಲೋಟ ಹಾಲು ಉಳಿಸ್ಕೊಂಡು ಇನ್ನೊಂದು ಸ್ವಲ್ಪ ಹೊತ್ತು ಕೂತ್ಕೋತೀರಾ’ ಎಂದೆ. ಅವರು ಜಗಲಿಯ ಮೇಲೆ ಕೂತರು. ನಾನು ಪೆಟ್ಟಿಗೆಯ ಮುಂದೆ ಮಂಡಿಯೂರಿ ಮಿಷಿನ್ನಿನ ಪೋರ್ಟಿನ ಹಸಿರು ದೀಪ ನೋಡುತ್ತಾ ಕೂತೆ. ಹತ್ತು ನಿಮಿಷ ಯಾರೂ ಏನನ್ನೂ ಮುಟ್ಟಲಿಲ್ಲ. ಆಮೇಲೆ ಕಾರ್ಯದರ್ಶಿ ಆ ಲೋಟದ ಹಾಲನ್ನು ಮಿಷಿನ್ನಿಗೆ ಹಿಡಿದರು. ಅಂಕಿ ಮಿಷಿನ್ನಿನ ಮೇಲೆ ಮೂಡಿತು. ಅದೇ ಹೊತ್ತಿಗೆ ಹಸಿರು ದೀಪ ಆರಿ, ಒಂದು ಉಸಿರು ಎಳೆದು ಬಿಡುವಷ್ಟು ಕಾಲ ಕತ್ತಲಾಗಿದ್ದು, ಮತ್ತೆ ಹೊತ್ತಿಕೊಂಡಿತು. ಕಂಪ್ಯೂಟರಿಗೆ ಏನೂ ಬರಲಿಲ್ಲ.

ಮಿಷಿನ್ನಿಗೂ ಸ್ವಿಚ್ಚಿಗೂ ನಡುವೆ ಮಾತು ದಾಟಿಸಲು ಬೆಂಕಿಪೊಟ್ಟಣದಷ್ಟು ಒಂದು ಅಗ್ಗದ ಡಬ್ಬಿ ಇರುತ್ತದೆ. ಮಂಪರಿಗೆ ಹೋಗಿ ತಕ್ಷಣ ಏಳುತ್ತೇನೆ ಎಂದು ಅದು ಒಪ್ಪಿಕೊಂಡಿತ್ತು. ಸಾಲು ನಡೆಯುತ್ತಿರುವಾಗ ನಿಮಿಷಕ್ಕೊಮ್ಮೆ ಮಾತು ಇರುತ್ತಿದ್ದುದರಿಂದ ಏಳುತ್ತಲೂ ಇತ್ತು. ಐದಾರು ನಿಮಿಷ ಸುಮ್ಮನಿದ್ದರೆ ಮಾತ್ರ ಗಾಢ ನಿದ್ದೆಗೆ ಬಿದ್ದು, ಎಬ್ಬಿಸಿದಾಗ ತಡವರಿಸುತ್ತಿತ್ತು. ಹಾಲು ಶುರುವಾಗುವ ಮುಂಚೆ ಕಾರ್ಯದರ್ಶಿ ಮಿಷಿನ್ನಿಗೆ ನೀರು ಹಿಡಿದು ಒಂದು ಸಲ ಓಡಿಸುತ್ತಿದ್ದರು, ಸಾಲಿನ ಮೊದಲನೆಯವರು ಅದರಿಂದ ಪಾರಾಗುತ್ತಿದ್ದರು. ಮಿಷಿನ್ನು ತನ್ನ ಅಂಕಿಯನ್ನು ಹೇಳುವುದು ಒಂದೇ ಸಲ. ಆ ಒಂದು ಸಲ ಕೇಳುವವರು ಎದ್ದಿರದಿದ್ದರೆ ಅಂಕಿ ಹೋಯಿತು. ಆ ಡಬ್ಬಿಯನ್ನು ನಿದ್ದೆಗೆ ಕಳಿಸಿದವಳು ನಾನು.

ಆ ಪೋರ್ಟಿನ ಏರ್ಪಾಟು ತೆಗೆದುಹಾಕಲು ಒಂದು ಸಾಲು ಬರೆದರೆ ಸಾಕಾಗಿತ್ತು. ಬರೆದೆ. ಮತ್ತೆ ಹತ್ತು ನಿಮಿಷ ಕಾದು ನೋಡಿದೆವು, ಅಂಕಿ ಬಂತು.

‘ಏನಾಗಿತ್ತು ಮೇಡಂ?’ ಎಂದು ಕಾರ್ಯದರ್ಶಿ ಕೇಳಿದರು.

ಇಂಥ ಕಡೆ ಹೇಳಲು ನಮ್ಮ ಹತ್ತಿರ ಮಾತುಗಳು ಬೇಕಾದಷ್ಟಿವೆ. ಸಾಫ್ಟ್‌ವೇರು ಎನ್ನಬಹುದು, ಕಂಪನಿಯ ಡಬ್ಬಿ ಸರಿಯಿಲ್ಲ ಎನ್ನಬಹುದು. ಎರಡೂ ಪೂರ್ತಿ ಸುಳ್ಳಲ್ಲ. ನಾನು ಅದನ್ನೇ ಹೇಳಲು ಬಾಯಿ ತೆರೆದಿದ್ದೆ ಕೂಡ. ಅಷ್ಟರಲ್ಲಿ ದೊಡ್ಡವ್ವ, ನನಗಲ್ಲ, ಕಾರ್ಯದರ್ಶಿಗೆ, ಮೆಲ್ಲಗೆ ಹೇಳಿದರು:

‘ಅಂಗಾರೆ ನನ್ನ ಹಾಲಲ್ಲಿ ಏನೂ ಇರ್ಲಿಲ್ಲ ತಾನೆ. ಹಿಂದ್ಲು ಬೀದಿ ನಾಮಕರಣಕ್ಕೆ ಅಂತ ನಾನು ಕೊಟ್ಟುಕಳ್ಸಿದ್ ಹಾಲ್ನ ಹಂಗೇ ತಿರುಗಿಸ್ ಕಳಿಸ್ಬುಟ್ರಲ್ಲ. ಅವರಿಗೊಂದು ಮಾತು ಹೇಳು.’

ಕಾರ್ಯದರ್ಶಿ ತಲೆ ತಗ್ಗಿಸಿದರು. ನನಗೆ ಆ ತನಕ ಈ ಸಂಗತಿ ಗೊತ್ತಿರಲಿಲ್ಲ. ನಾನು ಕೇಳಿದೆ, ಅವರು ಹೇಳಿದರು. ದೊಡ್ಡವ್ವನ ಪಕ್ಕದ ಮನೆಯ ಹೆಂಗಸು ಜಾರಿ ಬಿದ್ದು ಕೈ ಮುರಿದುಕೊಂಡಿದ್ದರಂತೆ. ಆ ಮನೆಯ ಗಂಡಸಿಗೆ ಹಾಲು ಕರೆಯಲು ಬಾರದು. ದೊಡ್ಡವ್ವ ಬೆಳಿಗ್ಗೆ ಸಂಜೆ ಮೊದಲು ಅವರ ಎರಡು ಹಸು ಕರೆದುಕೊಟ್ಟು, ಆಮೇಲೆ ತಮ್ಮ ಕೊಟ್ಟಿಗೆಗೆ ಹೋಗುತ್ತಿದ್ದರು. ಆ ಮನೆಯವರ ಹಾಲು ಹೊತ್ತಿಗೆ ಸರಿಯಾಗಿ ಡೈರಿ ಸೇರುತ್ತಿತ್ತು, ಇವರದು ಎಲ್ಲರಿಗಿಂತ ಕೊನೆಗೆ ಬರುತ್ತಿತ್ತು. ದಿನಾ ಇವರದೊಂದೇ ಅಂಕಿ ಬಾರದಿದ್ದಾಗ ಏನೋ ಬೆರೆಸುತ್ತಾರೆ ಎಂದು ಒಬ್ಬರು ಅಂದರು, ಇನ್ನೊಬ್ಬರು ಕೇಳಿಸಿಕೊಂಡರು. ಬೆರೆಸಿದ್ದರೆ ಮಿಷಿನ್ನಿನ ಅಂಕಿಯಲ್ಲೇ ಗೊತ್ತಾಗುತ್ತದೆ ಎಂದು ಯಾರೂ ಯೋಚಿಸಲಿಲ್ಲ.

‘ನಾನೇ ತಪ್ಪು ಮಾಡಿದ್ದು’ ಎಂದೆ. ‘ಕರೆಂಟು ಉಳಿಸೋಕೆ ಅಂತ ಹಾಸನದಿಂದ ಒಂದು ಸೆಟ್ಟಿಂಗ್ ಹಾಕಿದ್ದೆ. ಅದರಿಂದ ಹಿಂಗಾಯ್ತು. ಇಲ್ಲಿ ಬಂದು ನೋಡದೆ ಹಾಕಿದ್ದೆ. ಫೋನಲ್ಲಿ ಹೇಳಿದಾಗಲೂ ಕೇಳಲಿಲ್ಲ.’

ದೊಡ್ಡವ್ವ ನನ್ನನ್ನು ನೋಡಿದರು. ಕೋಪವೇನೂ ಕಾಣಲಿಲ್ಲ, ಸಮಾಧಾನದ ಮಾತನ್ನೂ ಆಡಲಿಲ್ಲ. ‘ನಾಳಿಕ್ಕೆ ಬತ್ತದಾ?’ ಎಂದರು.

‘ಬರುತ್ತೆ.’

‘ಸರಿ ಬುಡು’ ಎಂದು ಕ್ಯಾನು ತೊಳೆದುಕೊಂಡು ಹೋದರು.

ಕಾರ್ಯದರ್ಶಿ ನನ್ನನ್ನು ಬೈಕಿನಲ್ಲಿ ಬಾಗೂರಿನ ತನಕ ಬಿಟ್ಟರು. ದಾರಿಯಲ್ಲಿ, ‘ಮೇಡಂ, ನಾನು ಹೇಳಿದ್ರೆ ಜನ ನಂಬಾಕಿಲ್ಲ, ದೊಡ್ಡವ್ವನ ಪರ ಮಾತಾಡ್ತಾನೆ ಅಂತಾರೆ. ನೀವೇ ಒಂದು ಸಲ ಒತ್ತಾರೆ ಬಂದು ಸಾಲಿಗೆ ಹೇಳಿದ್ರೆ ಚೆಂದ’ ಎಂದರು. ಮೂರು ಫೋನುಗಳಿಗೂ ನಾನು ಕೊಟ್ಟ ಉತ್ತರ ಅವರಿಗೆ ನೆನಪಿತ್ತು. ಅದನ್ನು ಎತ್ತಿ ಆಡಲಿಲ್ಲ.

ಬಸ್ಸಿಗೆ ಕಾಯುತ್ತಾ ಸಾರ್‌ಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು ‘ಎಲ್ಲಾ ಡೈರಿಗೂ ಹಾಕಿದ್ದೀಯಲ್ಲಮ್ಮ?’ ಎಂದು ಕೇಳಿದರು.

‘ಹೂಂ ಸಾರ್.’

‘ಮಿಷಿನ್ನಿನ ಪೋರ್ಟುಗಳದ್ದು ಮೊದಲು ತೆಗಿ, ಎಲ್ಲಾ ಕಡೆದೂ. ದೋಸೆ ತರಿಸಿದ್ದು ನಾನು, ಹಂಗಾಗಿ ಡೈರಿಯವರಿಗೆ ಫೋನು ಮಾಡಿ ಹೇಳೋದೂ ನಾನೇ. ನೀನು ನಾಳೆ ಆ ಊರಿಗೆ ಹೋಗಿ ಬಾ.’

ಆ ಮಾತಿಗೆ ನನ್ನ ಕಣ್ಣು ತುಂಬಿತು. ಕೆಲಸ ಹೋಗುತ್ತದೆಂದು ನಾನೇನೂ ಹೆದರಿರಲಿಲ್ಲ. ತಪ್ಪನ್ನು ಒಬ್ಬಳೇ ಹೊತ್ತುಕೊಂಡು ಬಸ್ಸು ಹತ್ತಬೇಕು ಎಂದುಕೊಂಡಿದ್ದೆ, ಅವರು ಅರ್ಧ ಇಸಿದುಕೊಂಡಿದ್ದರು.

ಮಾರನೆಯ ದಿನ ಮೊದಲನೇ ಬಸ್ಸಿಗೆ ಹೊರಟೆ. ನಾನು ತಲುಪುವಾಗ ಸಾಲು ಮುಕ್ಕಾಲು ಮುಗಿದಿತ್ತು, ಹಾಲು ಹಾಕಿದವರೂ ಹೋಗದೆ ಜಗಲಿಯ ಮೇಲೆ ಕೂತಿದ್ದರು. ಕಾರ್ಯದರ್ಶಿ ಹೇಳಿ ನಿಲ್ಲಿಸಿದ್ದರು. ನನಗೆ ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲ. ನಲ್ಲಿಯ ಪಕ್ಕ ನಿಂತು ಹಿಂದಿನ ಸಂಜೆ ಹೇಳಿದ್ದನ್ನೇ ಹೇಳಿದೆ. ತಪ್ಪು ಹಾಲಿನದಲ್ಲ, ಮಿಷಿನ್ನಿನದೂ ಅಲ್ಲ, ನನ್ನದು. ಕೊನೆಯಲ್ಲಿ ಯಾರು ಬಂದಿದ್ದರೂ ಹೀಗೇ ಆಗುತ್ತಿತ್ತು.

ಒಬ್ಬ ಗಂಡಸು, ‘ಮಿಷಿನ್ನಿಗೆ ನಿದ್ದೆ ಬತ್ತದಾ?’ ಎಂದು ಕೇಳಿದ. ಒಂದಿಬ್ಬರು ನಕ್ಕರು. ‘ಬರೋ ಹಂಗೆ ನಾನು ಮಾಡಿದ್ದೆ’ ಎಂದೆ. ಅವರು ಎದ್ದು ಹೋಗುತ್ತಾರೆ ಎಂದುಕೊಂಡೆ. ಯಾರೂ ಹೋಗಲಿಲ್ಲ.

ಸಾಲು ಮುಗಿದ ಮೇಲೂ ಜನ ಕೂತೇ ಇದ್ದರು. ಮಳೆ, ಬೂಸಾ, ಯಾರದೋ ಹಸುವಿನ ಕೆಚ್ಚಲು ಬಾವು, ಹೀಗೆ ಮಾತು ಸಾಗಿತ್ತು. ಹೊಲಕ್ಕೆ ಹೋಗುವ ಹೊತ್ತು ಮೀರುತ್ತಿತ್ತು. ಒಳಗೆ ಮಿಷಿನ್ನು ಸುಮ್ಮನಿತ್ತು. ಇಪ್ಪತ್ತು ನಿಮಿಷದ ಮೇಲೆ ದೊಡ್ಡವ್ವ ಬೀದಿಯ ತಿರುವಿನಲ್ಲಿ ಕಾಣಿಸಿದರು. ಜಗಲಿಯ ತುಂಬ ಜನ ಕಂಡು ಅವರ ನಡಿಗೆ ಒಂದಿಷ್ಟು ನಿಧಾನವಾಯಿತು, ನಿಲ್ಲಲಿಲ್ಲ. ಜನ ಕಾಲು ಮಡಚಿ ದಾರಿ ಬಿಟ್ಟರು. ಅವರು ಕ್ಯಾನು ಮೇಜಿನ ಮೇಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡರು.

ಕಾರ್ಯದರ್ಶಿ ಹಾಲು ಹಿಡಿದರು. ಆ ಅರೆ ನಿಮಿಷ ನನಗೆ ಬಹಳ ಉದ್ದವಾಗಿತ್ತು. ಹಿಂದಿನ ಸಂಜೆ ಸರಿಯಾದದ್ದು ಇವತ್ತು ಸರಿಯಾಗದಿದ್ದರೆ ಎಂದು ಹಸಿರು ದೀಪವನ್ನೇ ನೋಡುತ್ತಿದ್ದೆ. ಅಂಕಿ ಬಂತು. ಕಾರ್ಯದರ್ಶಿ ಅದನ್ನು ಎಲ್ಲರಿಗೂ ಕೇಳುವಂತೆ ಓದಿದರು. ಒಳ್ಳೆಯ ಫ್ಯಾಟು. ಆ ಬೆಳಿಗ್ಗೆ ಬಂದ ಹಾಲುಗಳಲ್ಲಿ ಅದಕ್ಕಿಂತ ಮೇಲಿನದು ಒಂದೆರಡು ಇದ್ದಿರಬಹುದು, ಅಷ್ಟೆ.

ಜಗಲಿಯ ಮೇಲಿದ್ದ ಒಬ್ಬ ಹೆಂಗಸು ಎದ್ದು ಬಂದು, ದೊಡ್ಡವ್ವನ ಕೈಯಿಂದ ಖಾಲಿ ಕ್ಯಾನು ಇಸಿದುಕೊಂಡು, ನಲ್ಲಿಯಲ್ಲಿ ತೊಳೆದು ತಂದುಕೊಟ್ಟಳು. ಅವಳು ಯಾರು ಎಂದು ನನಗೆ ಆಮೇಲೆ ಗೊತ್ತಾಯಿತು. ನಾಮಕರಣದ ಮನೆಯವಳು. ‘ಬಾ ದೊಡ್ಡವ್ವ, ಕಾಪಿ ಕುಡ್ಕಂಡು ಓಗೀಯಂತೆ’ ಎಂದಳು. ದೊಡ್ಡವ್ವ, ‘ಹಸೀಗೆ ಮೇವು ಆಕ್ಬೇಕು, ಇನ್ನೊಂದಿನ ಬತ್ತೀನಿ’ ಎಂದರು. ಹಾಗೆಂದು ಎರಡು ಹೆಜ್ಜೆ ನಡೆದವರು ತಿರುಗಿ, ‘ಮಗೀನ ನೋಡಾಕೆ ಸಂಜೆ ಬತ್ತೀನಿ’ ಎಂದರು.

ನನಗೂ ಒಂದು ಮಾತು ಹೇಳಿದರು. ‘ಉಂಡ್ಕಂಡ್ ಬಂದಿದ್ದೀಯಾ?’ ಇಲ್ಲ ಎಂದೆ. ಅವರ ಮನೆಯ ಪಡಸಾಲೆಯಲ್ಲಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೇಲೊಂದಿಷ್ಟು ಬೆಣ್ಣೆ. ಮುರಿದ ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಪಕ್ಕದ ಮನೆಯಾಕೆ ಬಾಗಿಲಲ್ಲಿ ಕೂತು ನನ್ನನ್ನು ಊರು ಕೇರಿ ಎಲ್ಲ ವಿಚಾರಿಸಿದಳು.

ಹಾಸನಕ್ಕೆ ಮರಳಿದ ಮೇಲೆ ನಾನೂ ಸಾರೂ ಹಂಚಿಕೊಂಡು ಉಳಿದ ಡೈರಿಗಳಿಗೆಲ್ಲ ಫೋನು ಮಾಡಿದೆವು. ‘ನಿಮ್ಮಲ್ಲಿ ಎಲ್ಲರಿಗಿಂತ ಕೊನೆಗೆ ಹಾಲು ತರೋರು ಯಾರು? ಅವರ ರೀಡಿಂಗು ಸರಿಯಾಗಿ ಬರ್ತಿತ್ತಾ?’ ಇಷ್ಟೇ ಪ್ರಶ್ನೆ. ಬಹಳ ಕಡೆ ತೊಂದರೆಯಾಗಿರಲಿಲ್ಲ, ಅಲ್ಲಿನ ಡಬ್ಬಿ ಬೇರೆ ತರಹದ್ದು. ಹೊಳೆನರಸೀಪುರದ ಹತ್ತಿರದ ಒಂದು ಕಡೆ ಆಗಿತ್ತು, ಅಲ್ಲಿಯವರು ಎರಡು ಸಲ ಹಾಲು ಹಿಡಿದು ನೋಡಿ ಸುಧಾರಿಸಿಕೊಂಡಿದ್ದರು. ಅರಕಲಗೂಡಿನ ಕಡೆ ಒಂದು ಡೈರಿಯಲ್ಲಿ, ಕೊನೆಗೆ ಬರುತ್ತಿದ್ದವರು ಬೇಜಾರಾಗಿ ಡೈರಿಗೆ ಹಾಲು ಹಾಕುವುದನ್ನೇ ಬಿಟ್ಟು ಯಾವುದೋ ಹೋಟೆಲಿಗೆ ಕೊಡಲು ಶುರು ಮಾಡಿದ್ದರು. ನಾನು ಅಲ್ಲಿಗೂ ಹೋದೆ. ಅವರು ಮನೆಯಲ್ಲಿ ಸಿಗಲಿಲ್ಲ. ಇನ್ನೊಂದು ಸಲ ಹೋದಾಗ ಸಿಕ್ಕರು, ನಾನು ಹೇಳಿದ್ದನ್ನೆಲ್ಲ ಕೇಳಿದರು, ‘ಆಯ್ತು ಬಿಡಿ’ ಎಂದರು. ಡೈರಿಗೆ ಮತ್ತೆ ಬರಲಿಲ್ಲ. ಅದನ್ನು ಸರಿಮಾಡಲು ನನ್ನ ಕೈಲಾಗಲಿಲ್ಲ.

ಕರೆಂಟು ಉಳಿಸುವ ಕೆಲಸವನ್ನು ನಾನು ಬಿಡಲಿಲ್ಲ. ಒಂದೊಂದೇ ಡೈರಿಗೆ ಹೋಗಿ, ಒಂದೊಂದೇ ಪೋರ್ಟು ನೋಡಿ ಹಾಕಿದೆ. ಖಾಲಿ ಪೋರ್ಟುಗಳನ್ನು ಆರಿಸಿದೆ. ಕಂಪ್ಯೂಟರಿನದನ್ನು ಮಂಪರಿಗೆ ಬಿಟ್ಟೆ, ಅದು ಸರಿಯಾಗಿ ಏಳುತ್ತದೆ. ಹಾಲಿನ ಮಿಷಿನ್ನಿನದನ್ನು ಎಚ್ಚರವಾಗಿಯೇ ಇಟ್ಟೆ. ಹಾಕಿದ ಮೇಲೆ ಲ್ಯಾಪ್‌ಟಾಪು ಮುಚ್ಚಿ, ಸಾಲು ಪೂರ್ತಿ ಮುಗಿದು ಕೊನೆಯವರು ಬರುವ ತನಕ ಕಾದು, ಅವರ ಅಂಕಿ ನೋಡಿಯೇ ಹೊರಟೆ. ಕುರ್ಚಿಯ ಮೇಲೆ ಒಂದು ಮಧ್ಯಾಹ್ನದಲ್ಲಿ ಮುಗಿದಿದ್ದ ಕೆಲಸಕ್ಕೆ ಈ ಸಲ ಮಳೆಗಾಲ ಪೂರ್ತಿ ಹಿಡಿಯಿತು. ಸಾರ್ ಒಂದು ದಿನವೂ ಯಾಕಿಷ್ಟು ತಡ ಎಂದು ಕೇಳಲಿಲ್ಲ. ಆ ಕಾರ್ಯದರ್ಶಿ ನಾಲ್ಕನೆಯ ಸಲ ಫೋನು ಮಾಡುವ ಗೋಜಿಗೆ ಹೋಗದೆ ಸುಮ್ಮನಾಗಿದ್ದರೂ, ಮೂರು ಸಲ ಮಾಡಿದ್ದರಲ್ಲ, ಅದಕ್ಕೆ ನಾನು ಅವರಿಗೆ ಋಣಿ. ದೊಡ್ಡವ್ವನಿಗೆ ಎಷ್ಟು ಋಣಿ ಎಂದು ಹೇಳಲು ನನಗೆ ಬರುವುದಿಲ್ಲ. ಜನ ಹಾಲು ತಿರುಗಿಸಿ ಕಳಿಸಿದಾಗ ಅವರು ಜಗಳಕ್ಕೆ ಹೋಗಬಹುದಿತ್ತು, ಡೈರಿ ಬಿಡಬಹುದಿತ್ತು. ಎಂಟು ದಿನ ಬೇರೆ ಬೇರೆ ಹೊತ್ತಿಗೆ ಬಂದು ಕಣ್ಣಿಟ್ಟು ನೋಡಿದರು. ಪಾಲಿಟೆಕ್ನಿಕ್ಕಿನಲ್ಲಿ ನನಗೆ ಮೂರು ವರ್ಷ ಕಲಿಸಿದ್ದು ಅದನ್ನೇ. ನಾನು ಮರೆತಿದ್ದೆ.

ಈ ವರ್ಷದ ಆರಂಭದಲ್ಲಿ ಬಾಗೂರಿನಲ್ಲಿ ಬಸ್ಸು ಹತ್ತಿದಾಗ ಅವರು ಕಿಟಕಿಯ ಪಕ್ಕ ಕೂತಿದ್ದರು. ಕಣ್ಣು ತೋರಿಸಲು ಚನ್ನರಾಯಪಟ್ಟಣದ ಆಸ್ಪತ್ರೆಗೆ ಹೊರಟಿದ್ದರು. ಪಕ್ಕದ ಸೀಟಿನ ಚೀಲ ತೊಡೆಯ ಮೇಲಿಟ್ಟುಕೊಂಡು ನನಗೆ ಜಾಗ ಮಾಡಿದರು. ಪಕ್ಕದ ಮನೆಯಾಕೆಯ ಕೈ ಕೂಡಿದೆಯಂತೆ. ಈಗ ದೊಡ್ಡವ್ವ ಸಾಲಿನ ನಡುವೆಯೇ ಬರುತ್ತಾರೆ, ಕೊನೆಗೆ ಬರುವವರು ಬೇರೆ ಯಾರೋ. ‘ಅವರದೂ ಸರಿಯಾಗಿ ಬತ್ತಾ ಅದೆ, ನಾನು ಕೇಳ್ತಿರ್ತೀನಿ’ ಎಂದರು.

ಆಮೇಲೆ ಸಂಚಿಯೊಳಗಿನಿಂದ ಮೊಬೈಲು ತೆಗೆದರು.

‘ಇದ ವಸಿ ನೋಡು ಮಗ. ನಂಬರ್ ಹುಡ್ಕೋಷ್ಟರಲ್ಲಿ ಕಪ್ಪಾಗೋಯ್ತದೆ. ಮತ್ತೆ ಒತ್ತಬೇಕು, ಮತ್ತೆ ಕಪ್ಪಾಯ್ತದೆ.’

ಹದಿನೈದು ಸೆಕೆಂಡಿಗೆ ಪರದೆ ಆರುವಂತಿತ್ತು. ಯಾರೋ ಬ್ಯಾಟರಿ ಉಳಿಯಲಿ ಎಂದು ಇಟ್ಟಿದ್ದರು. ಎಷ್ಟು ಹೊತ್ತು ಬೇಕು ಎಂದು ಕೇಳಿದೆ. ಅವರು ಮೊಬೈಲು ಕೈಗೆ ತೆಗೆದುಕೊಂಡು, ಕಣ್ಣಿನ ಹತ್ತಿರ ಹಿಡಿದು, ಬೆರಳಿನಿಂದ ನಿಧಾನವಾಗಿ ಹೆಸರುಗಳನ್ನು ಸರಿಸಿ ಮಗಳ ನಂಬರಿನ ತನಕ ಬಂದರು. ‘ಇಷ್ಟೊತ್ತು’ ಎಂದರು. ನಾನು ಎರಡು ನಿಮಿಷಕ್ಕೆ ಇಟ್ಟುಕೊಟ್ಟೆ.

‘ಚಾರ್ಜು ಸ್ವಲ್ಪ ಬೇಗ ಇಳಿಯುತ್ತೆ ದೊಡ್ಡವ್ವ.’

‘ಇಳೀಲಿ ಬುಡು, ಆಕ್ಕತೀನಿ’ ಎಂದು ಮಗಳಿಗೆ ಫೋನು ಮಾಡಿ, ಬಸ್ಸು ಬಾಗೂರು ಬಿಟ್ಟಿದೆ, ಜೊತೆಗೆ ಹಾಸನದ ಹುಡುಗಿ ಇದ್ದಾಳೆ, ಗಾಬರಿಯಾಗಬೇಡ ಎಂದು ಹೇಳಿದರು. ನಾನು ಹಾಸನದವಳಲ್ಲ, ಹೊಳೆನರಸೀಪುರದವಳು ಎಂದು ತಿದ್ದಲಿಲ್ಲ. ಚನ್ನರಾಯಪಟ್ಟಣದಲ್ಲಿ ಇಳಿದು, ಆಸ್ಪತ್ರೆಯ ಬಾಗಿಲ ತನಕ ಅವರ ಚೀಲ ಹಿಡಿದುಕೊಂಡು ಹೋಗಿ, ಟೋಕನ್ ತೆಗೆದುಕೊಟ್ಟು, ಆಮೇಲೆ ನನ್ನ ಬಸ್ಸು ಹಿಡಿದೆ.